ಟವರ್‌ಗೆ ಜಾಗ ಕೊಡೋ ಮುಂಚೆ ಟೇಪ್ ಎಲ್ಲಿಂದ ಹಿಡೀಬೇಕು

ನಮ್ ಕಡೆ ಮೊಬೈಲ್ ಟವರ್ ಬರುತ್ತೆ ಅಂದ್ರೆ ಜನ ಮೊದಲು ಕೇಳೋದು ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು ಅಂತ. ಕೇಳ್ಲಿ, ತಪ್ಪೇನಿಲ್ಲ. ಆದ್ರೆ ನಾನು ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರು ಜಿಲ್ಲೇಲೂ ಸೈಟ್ ಅಕ್ವಿಸಿಷನ್, ಅಂದ್ರೆ ಟವರ್‌ಗೆ ಜಾಗ ಹುಡುಕೋ ಕೆಲಸ, ಅಂತ ಬೈಕಲ್ಲಿ ಸುತ್ತಿದೋನು, ನಾನ್ ನೋಡಿರೋ ಹಂಗೆ ಬಾಡಿಗೆ ಚೌಕಾಸಿ ಮಾಡಿ ಕೆಟ್ಟ ಸೈಟ್ ಕಮ್ಮಿ, ಪಕ್ಕದಲ್ಲೇ ಹಳೇ ಗುಡಿನೋ ಕೋಟೆನೋ ಕಾಡಿನ ಗಡಿನೋ ಇದ್ದು ಅದನ್ನ ಯಾರೂ ಮುಂಚೆ ಅಳೆದು ನೋಡ್ದೆ ಕೆಟ್ಟ ಸೈಟೇ ಜಾಸ್ತಿ.

ಒಂದು ಕಥೆ ಹೇಳ್ಬಿಡ್ತೀನಿ, ಊರ ಹೆಸರು ಬೇಡ, ಕಂಪನಿ ಹೆಸರೂ ಬೇಡ. ಚಿಕ್ಕಬಳ್ಳಾಪುರ ಕಡೆ ಒಂದು ಹಳ್ಳಿ, ಊರ ಹಿಂದೆ ಹಳೇ ಕಲ್ಲಿನ ಗುಡಿ, ಅದರ ಮುಂದೆ ಸಂರಕ್ಷಿತ ಸ್ಮಾರಕ ಅನ್ನೋ ನೀಲಿ ಬೋರ್ಡು. ಸರ್ವೆಗೆ ಬಂದ ಹುಡುಗ ಗುಡಿ ಬಾಗಿಲಲ್ಲಿ ನಿಂತ್ಕೊಂಡು ಮೊಬೈಲಲ್ಲಿ ಅಳೆದ, ಹೊಲದ ಮೂಲೆಗೆ 130 ಮೀಟರ್ ಬಂತು, ನೂರು ದಾಟಿದೆ ಬಿಡಿ ಅಂದ. ಅಗ್ರಿಮೆಂಟ್ ಆಯ್ತು, ಜೆಸಿಬಿ ಬಂತು, ರಾಗಿ ಕಟಾವಿಗೆ ಇನ್ನೊಂದು ತಿಂಗಳಿದ್ದಾಗ್ಲೇ ಪೈರು ತುಳ್ಕೊಂಡು ಗುಂಡಿ ತೆಗೆದ್ರು. ನಾಲ್ಕನೇ ದಿನಕ್ಕೆ ನೋಟಿಸ್. ಆಮೇಲೆ ನೋಟಿಫಿಕೇಶನ್ ತೆಗೆಸಿ ನೋಡಿದ್ರೆ ಸಂರಕ್ಷಿತ ಜಾಗ ಅಂತ ಬರೆದಿರೋದು ಗುಡಿ ಒಂದೇ ಅಲ್ಲ, ಕಾಂಪೌಂಡಿನ ಆಚೆ ಹುಣಸೆ ಮರದ ಕೆಳಗೆ ಹೂಳು ತುಂಬ್ಕೊಂಡು ಬಿದ್ದಿರೋ ಕಲ್ಯಾಣಿನೂ ಅದೇ ಸರ್ವೆ ನಂಬರ್. ಕಲ್ಯಾಣಿ ಅಂಚಿಂದ ಗುಂಡಿಗೆ ಟೇಪ್ ಹಿಡಿದ್ರೆ 84 ಮೀಟರ್. ಕೆಲಸ ಅಲ್ಲಿಗೇ ನಿಂತೋಯ್ತು. ಹೊಲದ ಯಜಮಾನರು ನನ್ ಕೈ ಹಿಡ್ಕೊಂಡು "ನಮ್ ತಾತನ ಜಮೀನಪ್ಪ ಇದು, ಇದಕ್ಕೆ ಡೆಲ್ಲಿಯೋರ ಪರ್ಮಿಷನ್ ಯಾಕೆ" ಅಂದ್ರು. ಅವತ್ತು ನಂಗೆ ಉತ್ತರ ಹೇಳಕ್ಕೆ ಬಾಯೇ ಬರ್ಲಿಲ್ಲ. ಗುಂಡೀಲಿ ಮಳೆ ನೀರು ನಿಂತು ಎರಡು ವರ್ಷ ಹುಡುಗ್ರು ಈಜಾಡ್ತಿದ್ರು ಅಲ್ಲಿ.

ಆ ಯಜಮಾನರ ಪ್ರಶ್ನೆಗೆ ಉತ್ತರ ಇಷ್ಟೇ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಅಂತ ಕೇಂದ್ರದ್ದು ಒಂದಿದೆ, ಅದಕ್ಕೆ 2010ರಲ್ಲಿ ದೊಡ್ಡ ತಿದ್ದುಪಡಿ ಆಯ್ತು. ಎಎಸ್‌ಐ, ಅಂದ್ರೆ ಕೇಂದ್ರದ ಪುರಾತತ್ವ ಇಲಾಖೆ, ಸಂರಕ್ಷಿಸಿರೋ ಸ್ಮಾರಕದ ಗಡಿಯಿಂದ ನಾಲ್ಕೂ ಕಡೆ 100 ಮೀಟರ್ ನಿಷೇಧಿತ ಪ್ರದೇಶ, ಅಲ್ಲಿ ಹೊಸದಾಗಿ ಏನೂ ಕಟ್ಟಂಗಿಲ್ಲ. ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ, ಅಲ್ಲಿ ಎನ್‌ಒಸಿ, ಅಂದ್ರೆ ಅಭ್ಯಂತರ ಇಲ್ಲ ಅನ್ನೋ ಪತ್ರ, ತಗೊಂಡು ಕಟ್ಟಬಹುದು. ಒಟ್ಟು 300 ಮೀಟರ್ ನಿಮ್ ತಲೇಲಿರ್ಲಿ. ಮೀರಿದ್ರೆ ಎರಡು ವರ್ಷದವರೆಗೆ ಜೈಲು ಇಲ್ಲಾ ಒಂದು ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಜಮೀನು ಯಾರಪ್ಪಂದು ಅಂತ ಆ ಕಾಯ್ದೆ ಕೇಳೋದೇ ಇಲ್ಲ. ಮತ್ತೆ ಈ ದೂರ ಅಳೆಯೋದು ಗೋಪುರದಿಂದಲ್ಲ, ಗರ್ಭಗುಡಿಯಿಂದಲ್ಲ, ಕಾಂಪೌಂಡಿಂದಲೂ ಅಲ್ಲ, ನೋಟಿಫಿಕೇಶನ್‌ನಲ್ಲಿರೋ ಸಂರಕ್ಷಿತ ಜಾಗದ ಗಡಿಯಿಂದ. ಸೈಟ್ ಕೆಡೋದೆಲ್ಲಾ ಇಲ್ಲೇ.

ಈಗ ಕೆಲಸಕ್ಕೆ ಬರೋಣ.

ಅಡ್ವಾನ್ಸ್ ಮುಟ್ಟೋ ಮುಂಚೆ ಹೊಲದಲ್ಲಿ ನಿಂತ್ಕೊಂಡು ದಿಶಾಂಕ್ ಆ್ಯಪ್ ತೆಗೀರಿ, ಇದು ನಮ್ ರಾಜ್ಯದ್ದೇ ಆ್ಯಪು, ನೀವು ನಿಂತಿರೋ ಜಾಗದ ಸರ್ವೆ ನಂಬರ್ ತೋರಿಸುತ್ತೆ. ನಿಮ್ದೊಂದೇ ಅಲ್ಲ, ಸುತ್ತ 300 ಮೀಟರ್ ಒಳಗೆ ಬರೋ ಎಲ್ಲಾ ನಂಬರೂ ಒಂದು ಹಾಳೇಲಿ ಬರ್ಕೊಳ್ಳಿ. ಆ್ಯಪ್‌ನಲ್ಲಿ ಗೆರೆ ಸ್ವಲ್ಪ ಆಚೀಚೆ ಆಗಬಹುದು, ಅದಕ್ಕೆ ಅದನ್ನೇ ನಂಬ್ಕೊಂಡು ಕೂರಬೇಡಿ, ತಾಲೂಕು ಆಫೀಸಿಂದ ಗ್ರಾಮ ನಕಾಶೆ ತಗೊಂಡು ತಾಳೆ ನೋಡಿ. ಆ ನಂಬರ್‌ಗಳ ಪಹಣಿನೂ ತೆಗೀರಿ. ಕಾಲಂ 9ರಲ್ಲಿ ಯಾರ ಹೆಸರಿದೆ, 11ರಲ್ಲಿ ಏನು ಗೀಚಿದಾರೆ, ಎರಡೂ ಓದಿ. ದೇವಸ್ಥಾನ, ಅರಣ್ಯ, ಗೋಮಾಳ, ಕೆರೆ ಅಂಗಳ ಅಂತ ಏನಾದ್ರೂ ಕಂಡ್ರೆ ಪಕ್ಕಕ್ಕೆ ಟಿಕ್ ಹಾಕಿ.

ಆಮೇಲೆ ಹಳೇ ಕಟ್ಟಡ ಯಾರ ಕೈಲಿದೆ ಅಂತ ತಿಳ್ಕೊಬೇಕು. ನಮ್ ಜನ ಇಲ್ಲಿ ಒಂದು ತಪ್ಪು ಲೆಕ್ಕ ಹಾಕ್ತಾರೆ, ದಿನಾ ಪೂಜೆ ನಡೀತಿದೆ, ಅರ್ಚಕರಿದಾರೆ, ಜಾತ್ರೆ ಆಗುತ್ತೆ, ಅದಕ್ಕೆ ಇದು ಊರ ದೇವಸ್ಥಾನ ಅಂತ. ಕೋಲಾರದ ಕೋಲಾರಮ್ಮನ ಗುಡೀಲಿ ದಿನಾ ಪೂಜೆ ನಡೆಯುತ್ತೆ, ನಂದಿ ಗ್ರಾಮದ ಭೋಗನಂದೀಶ್ವರದಲ್ಲೂ ನಡೆಯುತ್ತೆ, ಎರಡೂ ಎಎಸ್‌ಐ ಸಂರಕ್ಷಿತ. ಕೋಲಾರದ ಸೋಮೇಶ್ವರ, ಮುಳಬಾಗಿಲು ತಾಲೂಕಿನ ಆವಣಿಯ ರಾಮಲಿಂಗೇಶ್ವರ ಗುಡಿಗಳು, ಮಧುಗಿರಿ ಕೋಟೆ, ಶಿರಾದ ಜುಮ್ಮಾ ಮಸೀದಿ ಮತ್ತೆ ಮಲಿಕ್ ರಿಹಾನ್ ದರ್ಗಾ, ತಿಪಟೂರು ಕಡೆ ಅರಳಗುಪ್ಪೆ ಕಲ್ಲೇಶ್ವರ, ಇವೂ ಅಷ್ಟೇ. ಕೋಟೆ ಇದ್ರೆ ಇನ್ನೂ ಹುಷಾರು, ಯಾಕಂದ್ರೆ ಗುಡಿಗಾದ್ರೆ ನಾಲ್ಕು ಗೋಡೆ ಇರುತ್ತೆ, ಮಧುಗಿರಿಯಂಥ ಕೋಟೇಲಿ ಗಡಿ ಎಲ್ಲಿ ಶುರು ಎಲ್ಲಿ ಮುಗಿಯೋದು ಅಂತ ಬೆಟ್ಟದ ಕೆಳಗೆ ನಿಂತ್ಕೊಂಡು ಕಣ್ಣಳತೇಲಿ ಹೇಳಕ್ಕಾಗಲ್ಲ.

ಎಎಸ್‌ಐ ಅಲ್ದೆ ರಾಜ್ಯದ ಪುರಾತತ್ವ ಇಲಾಖೆ ಸಂರಕ್ಷಿಸಿರೋ ಸ್ಮಾರಕಗಳ ಪಟ್ಟಿ ಬೇರೆ ಇದೆ, ಅದಕ್ಕೆ 1961ರ ಕರ್ನಾಟಕ ಕಾಯ್ದೆ. ಎರಡೂ ಪಟ್ಟಿ ನೋಡಬೇಕು. ಒಂದರಲ್ಲಿ ಇಲ್ಲ ಅಂತ ಖುಷಿಯಾಗಿ ಬರೋದು, ಇನ್ನೊಂದರಲ್ಲಿ ಸಿಕ್ಕಾಕೊಳ್ಳೋದು, ಹಂಗಾಗಬಾರದು.

ಪಟ್ಟಿ ಹುಡುಕುವಾಗ ಒಂದು ಕಿತಾಪತಿ ಇದೆ, ಇದನ್ನ ಹೊಸ ಹುಡುಗ್ರು ಯಾವಾಗ್ಲೂ ಮಿಸ್ ಮಾಡ್ತಾರೆ. ಚಿಕ್ಕಬಳ್ಳಾಪುರ ಜಿಲ್ಲೆ ಆಗಿದ್ದು 2007ರಲ್ಲಿ. ಅದಕ್ಕಿಂತ ಹಳೇ ನೋಟಿಫಿಕೇಶನ್‌ಗಳಲ್ಲಿ ಆ ಕಡೆ ಸ್ಮಾರಕ ಎಲ್ಲಾ ಕೋಲಾರ ಜಿಲ್ಲೆ ಅಂತಾನೇ ಇರುತ್ತೆ. ನೀವು ಚಿಕ್ಕಬಳ್ಳಾಪುರ ಅಂತ ಹುಡುಕಿ ಏನೂ ಬರ್ಲಿಲ್ಲ ಅಂದ್ಕೊಂಡ್ರೆ ಕೆಟ್ರಿ. ಹಂಗೇ ತುಮಕೂರು ಅನ್ನೋ ಸ್ಪೆಲ್ಲಿಂಗು ಇಂಗ್ಲಿಷಲ್ಲಿ ಬದಲಾಗಿದ್ದು 2014ರಲ್ಲಿ, ಹಳೇ ಪಟ್ಟೀಲಿ ಹಳೇ ಸ್ಪೆಲ್ಲಿಂಗೇ. ಊರ ಹೆಸರನ್ನೂ ಬ್ರಿಟಿಷರ ಬಾಯಿಗೆ ಬಂದಂಗೆ ಬರೆದಿರ್ತಾರೆ, ಎರಡು ಮೂರು ಥರ ಹಾಕಿ ನೋಡಿ.

ಪಟ್ಟೀಲಿ ಸ್ಮಾರಕ ಸಿಕ್ತು ಅಂದ್ರೆ ಅದರ ನೋಟಿಫಿಕೇಶನ್ ಮತ್ತೆ ಸೈಟ್ ಪ್ಲಾನ್ ಬೇಕು ಅಂತ ಎಎಸ್‌ಐ ಬೆಂಗಳೂರು ಸರ್ಕಲ್‌ಗೆ ಅರ್ಜಿ ಹಾಕಿ, ಕೊಡಲ್ಲ ಅಂದ್ರೆ ಆರ್‌ಟಿಐ ಹಾಕಿ. ಅದರಲ್ಲಿ ಸರ್ವೆ ನಂಬರ್, ಚೆಕ್‌ಬಂದಿ ಎಲ್ಲಾ ಇರುತ್ತೆ. ಆ ಗಡಿಯಿಂದ ನಿಮ್ಮ ಟವರ್ ಪ್ಲಾಟಿನ ಹತ್ತಿರದ ಮೂಲೆಗೆ ಟೇಪ್ ಹಿಡೀರಿ. ಟವರ್ ಮಧ್ಯಕ್ಕಲ್ಲ, ಪ್ಲಾಟ್ ಮೂಲೆಗೆ, ಯಾಕಂದ್ರೆ ಬೇಲಿ, ಡೀಸೆಲ್ ಜನರೇಟರ್ (ಡಿಜಿ) ಫೌಂಡೇಶನ್ನು, ಯಂತ್ರ ಇಡೋ ಶೆಲ್ಟರು ಎಲ್ಲಾ ಕಟ್ಟಡದ ಲೆಕ್ಕಕ್ಕೆ ಬರುತ್ತೆ. 95 ಬಂತು, 102 ಬಂತು ಅಂತ ಗುದ್ದಾಡೋ ಪರಿಸ್ಥಿತಿ ಇದ್ರೆ ಲೈಸೆನ್ಸ್ ಇರೋ ಸರ್ವೇಯರ್ ಕರೆಸಿ ಸ್ಕೆಚ್ ಮಾಡಿಸಿ. ನನ್ನ ಕೇಳಿದ್ರೆ 110 ಒಳಗಿದ್ರೆ ಆ ಜಾಗ ಬಿಟ್ಟುಬಿಡಿ, ಕಂಪನಿಯೋರು ಟವರ್ ಬೇಕು ಅಂತ ಗುರುತಿಸಿರೋ ಸುತ್ತಳತೆ (ಸರ್ಚ್ ರಿಂಗ್) ಒಳಗೆ ಬೇರೆ ಹೊಲ ಸಿಗುತ್ತೆ, ಕೋರ್ಟು ಕಚೇರಿ ಅಲೆಯೋದು ಯಾರಿಗೆ ಬೇಕು.

ನೆಲದ ಮೇಲೆ ಬೇಡ, ಮನೆ ಮೇಲೆ ಪೋಲ್ ಹಾಕ್ತೀವಿ ಅಂತ ಕೆಲವ್ರು ಬುದ್ಧಿವಂತಿಕೆ ತೋರಿಸ್ತಾರೆ. ಕಾಯ್ದೇಲಿ ಕಟ್ಟಡ ಅನ್ನೋ ಪದಕ್ಕೆ ಮೇಲಕ್ಕೆ ಏರಿಸೋದೂ ಸೇರುತ್ತೆ, ಅಡ್ಡಕ್ಕೆ ಚಾಚೋದೂ ಸೇರುತ್ತೆ. ನೂರು ಮೀಟರ್ ಒಳಗೆ ನಿಮ್ ಮನೆ 1992ಕ್ಕಿಂತ ಹಳೇದಾಗಿದ್ರೆ ರಿಪೇರಿಗೆ ಪರ್ಮಿಷನ್ ಕೇಳಬಹುದು ಅಷ್ಟೇ. ತಾರಸಿ ಮೇಲೆ ಹೊಸ ಮಾಸ್ಟ್ ನಿಲ್ಲಿಸೋದು ರಿಪೇರಿ ಅಂತ ಯಾವ ಆಫೀಸರೂ ಒಪ್ಪಲ್ಲ.

ಸರಿ, ನಿಮ್ ಜಾಗ 100 ದಾಟಿ 300ರ ಒಳಗಿದೆ ಅಂದ್ಕೊಳ್ಳಿ. ಆಗ ಎನ್‌ಒಸಿ ಅರ್ಜಿ ಹೋಗೋದು ರಾಜ್ಯದಲ್ಲಿರೋ ಕಾಂಪಿಟೆಂಟ್ ಅಥಾರಿಟಿಗೆ, ಆನ್‌ಲೈನ್ ಪೋರ್ಟಲ್ ಇದೆ. ಅವರು 15 ದಿನದಲ್ಲಿ ಡೆಲ್ಲಿಯ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳಿಸಬೇಕು, ಪ್ರಾಧಿಕಾರ ಎರಡು ತಿಂಗಳಲ್ಲಿ ಶಿಫಾರಸು ಕೊಡಬೇಕು, ಆಮೇಲೆ ಒಂದು ತಿಂಗಳಲ್ಲಿ ನಿಮಗೆ ಉತ್ತರ ಬರಬೇಕು. ಲೆಕ್ಕ ಹಾಕಿದ್ರೆ ಮೂರೂವರೆ ತಿಂಗಳು, ಅದೂ ಕಾಗದದ ಮೇಲೆ, ಅದೂ ನಿಮ್ಮ ಅರ್ಜೀಲಿ ಕೊಕ್ಕೆ ಇಲ್ದಿದ್ರೆ. ಕೊಕ್ಕೆ ಬೀಳೋದು ಸಾಮಾನ್ಯ ಎರಡು ಕಡೆ. ಒಂದು, ಎತ್ತರ. ಟವರ್ 30 ಮೀಟರ್ ಅಂತ ಬರೀತಾರೆ, ಮೇಲಿರೋ ಲೈಟ್ನಿಂಗ್ ರಾಡು, ಕೆಳಗಿನ ಪೆಡೆಸ್ಟಲ್ಲು ಬಿಟ್ಬಿಡ್ತಾರೆ. ನೆಲದಿಂದ ತುದೀವರೆಗೂ ಎಷ್ಟೋ ಅಷ್ಟು ಬರೀರಿ, ಆಮೇಲೆ ಡ್ರಾಯಿಂಗ್‌ನಲ್ಲಿ ಬೇರೆ ಅಂಕಿ ಕಂಡ್ರೆ ಫೈಲು ವಾಪಸ್. ಎರಡನೇದು ಫೋಟೋ. ಸ್ಮಾರಕದ ಕಡೆಯಿಂದ ಹೊಲ ಹೆಂಗೆ ಕಾಣುತ್ತೆ, ಹೊಲದಿಂದ ಸ್ಮಾರಕ ಹೆಂಗೆ ಕಾಣುತ್ತೆ, ಎರಡೂ ಹಾಕಿ. ಮಧ್ಯೆ ಈಗಾಗ್ಲೇ ನಾಲ್ಕು ಮಹಡಿ ಬಿಲ್ಡಿಂಗ್ ಎದ್ದಿದ್ರೆ ಅದೂ ಫೋಟೋದಲ್ಲಿ ಬರ್ಲಿ, ಮುಚ್ಚಿಡೋದೇನಿಲ್ಲ. ಕಂಬಿ ಹೆಣೆದ ದಪ್ಪ ಲ್ಯಾಟಿಸ್ ಟವರ್ ಬದಲು ಒಂದೇ ಕಂಬದ ಮೊನೊಪೋಲ್ ಹಾಕ್ತೀವಿ, ಎತ್ತರ ಇಷ್ಟು ಇಳಿಸ್ತೀವಿ ಅಂತ ನೀವೇ ಮುಂಚೆ ಬರೆದ್ರೆ ಫೈಲ್ ಸಲೀಸಾಗಿ ಹೋಗೋದನ್ನ ನಾನ್ ನೋಡಿದೀನಿ.

ನಮ್ ಅತ್ತೆ ಮಗ ಅಮೆರಿಕಾದಲ್ಲಿ ಇದೇ ಲೈನಲ್ಲಿದಾನೆ, ಒಂದ್ಸಲ ಯುಗಾದಿಗೆ ಬಂದಾಗ ರಾತ್ರಿ ಕೂತ್ಕೊಂಡು ಇಬ್ರೂ ನಮ್ ನಮ್ ಗೋಳು ಹೇಳ್ಕೊಂಡ್ವಿ. ಅಲ್ಲಿ 1966ರ ಐತಿಹಾಸಿಕ ಸಂರಕ್ಷಣೆ ಕಾಯ್ದೆ, ಅದರಲ್ಲಿ ಸೆಕ್ಷನ್ 106. ಅವರು ಅಳೆಯೋದು ಅಗೆಯೋ ಜಾಗದಿಂದ ಇಷ್ಟು ಮೀಟರ್ ಅಂತ ಮಾತ್ರ ಅಲ್ಲ, ಟವರ್ ಎಷ್ಟು ದೂರದವರೆಗೆ ಕಣ್ಣಿಗೆ ಬೀಳುತ್ತೆ ಅಂತಾನೂ. ಟವರ್ 200 ಅಡಿ ಒಳಗಿದ್ರೆ ಸುತ್ತ ಅರ್ಧ ಮೈಲಿ, 200 ದಾಟಿ 400 ಅಡಿವರೆಗೆ ಮುಕ್ಕಾಲು ಮೈಲಿ, ಅದಕ್ಕೂ ಮೇಲಿದ್ರೆ ಒಂದೂವರೆ ಮೈಲಿ. ಆ ಸುತ್ತಳತೇಲಿ ಹಳೇ ಕಟ್ಟಡ ಏನಿದೆ ಅಂತ ಪಟ್ಟಿ ಮಾಡಿ ರಾಜ್ಯದ ಕಚೇರಿಗೆ ಕೊಡಬೇಕು, ಅವರಿಗೆ 30 ದಿನ ಟೈಮು, ಮೂಲನಿವಾಸಿ ಬುಡಕಟ್ಟಿನೋರಿಗೂ ತಿಳಿಸಬೇಕು. ಆ ಲೆಕ್ಕ ಇಲ್ಲಿ ಹಾಕಿದ್ರೆ ಆವಣಿ ಬೆಟ್ಟದ ಸುತ್ತ ಒಂದು ಟವರೂ ನಿಲ್ಲಲ್ಲ ಅಂತ ನಕ್ಕೆ. ಆದ್ರೆ ಆಮೇಲಿಂದ ನಾನೂ ಸ್ಮಾರಕದ ಬಾಗಿಲಲ್ಲಿ ನಿಂತು ಟವರ್ ಎಲ್ಲಿ ಕಾಣುತ್ತೆ ಅಂತ ಒಂದು ಸಲ ನೋಡೇ ನೋಡ್ತೀನಿ. ಊರೋರು ಜಗಳಕ್ಕೆ ಬರೋದು ಮೀಟರ್ ನೋಡಿ ಅಲ್ಲ, ತೇರಿನ ದಿನ ಗೋಪುರದ ಹಿಂದೆ ಕೆಂಪು ಬಿಳಿ ಕಂಬಿ ಕಂಡಾಗ.

ಇನ್ನು ಪರಿಸರದ ಕಡೆ. ಮೊದಲು ಒಂದು ಮೋಸದ ವಿಷಯ. 2006ರ ಇಐಎ (ಪರಿಸರ ಪರಿಣಾಮ ಅಂದಾಜು) ಅಧಿಸೂಚನೆ ಪಟ್ಟೀಲಿ ಮೊಬೈಲ್ ಟವರ್ ಇಲ್ಲ, ಅಂದ್ರೆ ಮಾಮೂಲಿ ಪಟ್ಟಾ ಜಮೀನಲ್ಲಿ ಟವರ್ ಹಾಕಕ್ಕೆ ಗಣಿ ಫ್ಯಾಕ್ಟರಿ ಥರ ಪರಿಸರ ಕ್ಲಿಯರೆನ್ಸ್ ಬೇಕಾಗಿಲ್ಲ. ಯಾರಾದ್ರೂ ಫೋನ್ ಮಾಡಿ ನಿಮ್ ಜಮೀನಿಗೆ ಟವರ್ ಸ್ಯಾಂಕ್ಷನ್ ಆಗಿದೆ, ಎನ್ವಿರಾನ್ಮೆಂಟ್ ಕ್ಲಿಯರೆನ್ಸ್ ಫೀ ಇಷ್ಟು ಸಾವಿರ ಕಟ್ಟಿ, ಟ್ರಾಯ್ ಎನ್‌ಒಸಿ ಕಳಿಸ್ತೀವಿ ಅಂದ್ರೆ ಕಟ್ ಮಾಡಿ ಫೋನು. ಟ್ರಾಯ್ ಅಂದ್ರೆ ಟೆಲಿಕಾಂ ನಿಯಂತ್ರಣ ಪ್ರಾಧಿಕಾರ, ಅದು ಅಂಥ ಎನ್‌ಒಸಿ ಯಾರಿಗೂ ಕೊಡಲ್ಲ. ಜಾಗದ ಯಜಮಾನರು ದುಡ್ಡು ಇಸ್ಕೊಳ್ಳೋದೇ ಹೊರತು ಕಟ್ಟೋದಲ್ಲ.

ಕಾಡಿನ ವಿಷಯ ಬೇರೆ. ಅರಣ್ಯ ಜಮೀನು ಒಂದು ಗುಂಟೆ ಆದ್ರೂ 1980ರ ಅರಣ್ಯ ಸಂರಕ್ಷಣೆ ಕಾಯ್ದೆ ಪ್ರಕಾರ ಕೇಂದ್ರದ ಅನುಮತಿ ಬೇಕು, ಪರಿವೇಶ್ ಪೋರ್ಟಲ್‌ನಲ್ಲಿ ಅರ್ಜಿ. ನಮ್ ಕಡೆ ತಲೆನೋವು ಏನಂದ್ರೆ ಪಹಣೀಲಿ ರೈತರ ಹೆಸರಿರುತ್ತೆ, ಅರಣ್ಯ ಇಲಾಖೆ ಫೈಲಲ್ಲಿ ಅದೇ ನಂಬರ್ ಕರ್ನಾಟಕ ಅರಣ್ಯ ಕಾಯ್ದೆಯ ಸೆಕ್ಷನ್ 4 (ಮೀಸಲು ಅರಣ್ಯ ಮಾಡ್ತೀವಿ ಅನ್ನೋ ಮೊದಲ) ನೋಟಿಫಿಕೇಶನ್ ಒಳಗಿರುತ್ತೆ. ಕೋಲಾರ ಜಿಲ್ಲೇಲಿ ಕಂದಾಯದೋರು ನಮ್ದು ಅಂತಾರೆ, ಅರಣ್ಯದೋರು ನಮ್ದು ಅಂತಾರೆ, ಮಧ್ಯೆ ಜಾಯಿಂಟ್ ಸರ್ವೆ ಅಂತ ವರ್ಷಗಟ್ಟಲೆ. ಅದಕ್ಕೆ ಬೆಟ್ಟದ ಬುಡ, ದೇವರಾಯನದುರ್ಗದ ಕಡೆ, ಗುಡ್ಡದ ಅಂಚಿನ ಹೊಲ ಏನೇ ಇರ್ಲಿ, ರೇಂಜ್ ಫಾರೆಸ್ಟ್ ಆಫೀಸರ್‌ಗೆ ಒಂದು ಲೆಟರ್ ಬರೆದು ಈ ಸರ್ವೆ ನಂಬರ್ ಸೆಕ್ಷನ್ 4, ಸೆಕ್ಷನ್ 17 (ಕೊನೇ ಘೋಷಣೆ) ಯಾವುದರಲ್ಲಾದ್ರೂ ಇದೆಯಾ ಅಂತ ಕೇಳಿ, ಉತ್ತರ ಬರಹದಲ್ಲೇ ತಗೊಳ್ಳಿ. ಗಾರ್ಡ್ ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತೆ.

ವನ್ಯಜೀವಿ ಜಾಗಗಳು ಮೂರ್ನಾಲ್ಕು ಗೊತ್ತಿರ್ಲಿ. ಮಧುಗಿರಿ ತಾಲೂಕಿನ ಮೈದನಹಳ್ಳಿ ಹತ್ರ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ, 798 ಎಕರೆ ಬಯಲು. ಶಿರಾ ಕಡೆ ಬುಕ್ಕಾಪಟ್ಟಣ ಚಿಂಕಾರಾ ಧಾಮ, 2019ರಲ್ಲಿ ಘೋಷಣೆ ಆಗಿದ್ದು. ಶಿರಾ ತಾಲೂಕಲ್ಲೇ ಕಗ್ಗಲಡು ಅಂತ ಊರಿದೆ, ಅಲ್ಲಿ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆ, ಬೂದು ಬಕ ಬಂದು ಗೂಡು ಕಟ್ತವೆ, ಊರೋರೇ ಕಾಯ್ಕೊಂಡು ಬಂದಿದಾರೆ. ಇದು ಯಾವ ಪಹಣೀಲೂ ಬರೆದಿರಲ್ಲ, ಅದಕ್ಕೇ ಊರೋರನ್ನ ಕೇಳಬೇಕು ಅನ್ನೋದು. ಕೇಂದ್ರ ಪರಿಸರ ಸಚಿವಾಲಯ 2012ರ ಆಗಸ್ಟಲ್ಲಿ ಹಕ್ಕಿ ಜೇನು ಕಾಪಾಡಕ್ಕೆ ಅಂತ ಒಂದು ಸಲಹೆ ಕಳಿಸಿತ್ತು, ಇರೋ ಟವರಿನ ಒಂದು ಕಿಲೋಮೀಟರ್ ಒಳಗೆ ಇನ್ನೊಂದು ಬೇಡ ಅಂತ. ಅದು ಸಲಹೆ, ಪಾಲಿಸೋರು ಕಮ್ಮಿ. ಆದ್ರೂ ಹಕ್ಕಿ ಗೂಡಿರೋ ಜಾಗದಲ್ಲಿ ಹಳೇ ಟವರ್ ಮೇಲೇ ಆಂಟೆನಾ ಶೇರ್ ಮಾಡ್ಕೊಳ್ಳಿ ಅಂತ ಕಂಪನಿಗೆ ಬರೆಯಕ್ಕೆ ಒಂದು ಆಧಾರ ಆಗುತ್ತೆ.

ಮರ ಕಡಿಯೋದಿದ್ರೆ 1976ರ ಮರ ಸಂರಕ್ಷಣೆ ಕಾಯ್ದೆ. ನೀಲಗಿರಿ, ತೆಂಗು, ಸಿಲ್ವರ್ ಓಕ್‌ಗೆ ತಕರಾರಿಲ್ಲ. ಹುಣಸೆ, ಹೊಂಗೆಗೆ ಕೊಡಲಿ ಹಾಕೋ ಮುಂಚೆ ಟ್ರೀ ಆಫೀಸರ್ ಪರ್ಮಿಷನ್ ತಗೊಳ್ಳಿ. ಡಿಜಿ ಸೆಟ್ಟು ಮನೆ ಪಕ್ಕ ಇಡಿಸ್ಬೇಡಿ, ಅದನ್ನ ಮುಚ್ಚಿರೋ ಕ್ಯಾನೋಪಿಯಿಂದ ಒಂದು ಮೀಟರ್ ದೂರದಲ್ಲಿ 75 ಡೆಸಿಬಲ್ ಮೀರಬಾರದು ಅನ್ನೋ ರೂಲಿದೆ, ರಾತ್ರಿ ಹತ್ತರ ಮೇಲೆ ವಸತಿ ಏರಿಯಾದಲ್ಲಿ 45 ಅಷ್ಟೇ. ರೇಡಿಯೇಶನ್ ಬಗ್ಗೆ ಊರಲ್ಲಿ ಹೆದರಿಕೆ ಇದ್ರೆ 2012ರ ಸೆಪ್ಟೆಂಬರ್‌ನಲ್ಲಿ ನಮ್ ದೇಶ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗಕ್ಕೆ ಇಳಿಸಿದ್ದನ್ನ ಹೇಳಿ, ಟವರ್ ರೇಡಿಯೇಶನ್ ಮಾಹಿತಿ ಇರೋ ಸರ್ಕಾರದ ತರಂಗ್ ಸಂಚಾರ್ ಪೋರ್ಟಲ್‌ನಲ್ಲಿ ಹತ್ತಿರದ ಟವರ್ ತೆಗೆದು ತೋರಿಸಿ. ವಾದ ಮಾಡ್ಬೇಡಿ, ತೋರಿಸಿ.

ಎಲ್ಲಾ ಮುಗಿದು ಗುಂಡಿ ತೆಗೆಯೋ ದಿನ ನೀವು ಅಲ್ಲೇ ನಿಂತಿರಿ. ಕೋಲಾರ ಚಿಕ್ಕಬಳ್ಳಾಪುರ ಕಡೆ ಹೊಲದ ಬದೂಲಿ ವೀರಗಲ್ಲು, ಶಾಸನದ ಕಲ್ಲು ಎಷ್ಟು ಬಿದ್ದಿವೆ ಅಂದ್ರೆ ಬಟ್ಟೆ ಒಗೆಯೋಕೂ ಬಳಸ್ತಾರೆ. ನೂರು ವರ್ಷದ ಹಿಂದೆನೇ ಬಿ.ಎಲ್. ರೈಸ್ ಅನ್ನೋ ಬ್ರಿಟಿಷ್ ಶಾಸನ ತಜ್ಞರು ಊರೂರು ಶಾಸನ ಪಟ್ಟಿ ಮಾಡಿಸಿ ಎಪಿಗ್ರಾಫಿಯಾ ಕರ್ನಾಟಿಕಾ ಅಂತ ಹಾಕಿಸಿದಾರೆ, ಕೋಲಾರಕ್ಕೆ 10ನೇ ಸಂಪುಟ, ತುಮಕೂರಿಗೆ 12ನೇದು, ಚಿಕ್ಕಬಳ್ಳಾಪುರದ್ದು ಕೋಲಾರದ್ದರಲ್ಲೇ ಸಿಗುತ್ತೆ. ನಿಮ್ ಊರಿನ ಹೆಸರಿದೆಯಾ ಅಂತ ನೋಡಕ್ಕೆ ಅರ್ಧ ಗಂಟೆ ಸಾಕು. ಜೆಸಿಬಿ ಬಕೆಟ್ಟಿಗೆ ಕೆತ್ತನೆ ಕಲ್ಲೋ, ಮಡಕೆ ಚೂರೋ ಸಿಕ್ರೆ ಡ್ರೈವರ್‌ಗೆ ಅಲ್ಲೇ ಆಫ್ ಮಾಡು ಅನ್ನಿ. ಕಲ್ಲಿಗೆ ನೀರು ಹಾಕಿ ಉಜ್ಜೋದು, ಸುಣ್ಣ ತುಂಬೋದು, ಕುಂಕುಮ ಹಚ್ಚೋದು ಬೇಡ. ಪಕ್ಕದಲ್ಲಿ ಒಂದು ಬೆಂಕಿಪೊಟ್ಟಣ ಇಟ್ಟು ಫೋಟೋ ತೆಗೀರಿ, ಅಳತೆ ಗೊತ್ತಾಗುತ್ತೆ. ಗ್ರಾಮ ಆಡಳಿತಾಧಿಕಾರಿಗೆ ಫೋನು, ತಹಶೀಲ್ದಾರ್‌ಗೆ ಬರಹದಲ್ಲಿ ಅರ್ಜಿ, ಸೀಲ್ ಹಾಕಿದ ಕಾಪಿ ನಿಮ್ ಹತ್ರ. ಎಷ್ಟೋ ಸಲ ಲೇಔಟ್ ಡ್ರಾಯಿಂಗಲ್ಲಿ ಟವರ್‌ನ ಅದೇ ಹೊಲದಲ್ಲಿ ಐದಾರು ಮೀಟರ್ ಸರಿಸಿದ್ರೆ ಕಲ್ಲು ಕಲ್ಲಿನ ಜಾಗದಲ್ಲೇ ಇರುತ್ತೆ.

ಹಂಗೆ ಸರಿಸಿದ್ರೆ ಹಳೇ ಗುಂಡಿ ಯಾರು ಮುಚ್ಚೋದು ಅಂತ ಜಗಳ ಬರುತ್ತೆ, ಬಂದೇ ಬರುತ್ತೆ. ಅದಕ್ಕೆ ಅಗ್ರಿಮೆಂಟಲ್ಲಿ ಎರಡು ಸಾಲು ಮುಂಚೇನೇ ಸೇರಿಸಿ: ಎನ್‌ಒಸಿ ಸಿಗದೆ ಸೈಟ್ ಕ್ಯಾನ್ಸಲ್ ಆದ್ರೆ ಅಡ್ವಾನ್ಸ್ ವಾಪಸ್ ಕೇಳಂಗಿಲ್ಲ, ತೆಗೆದ ಗುಂಡಿ ಕಂಪನಿಯೋರೇ ಮೇಲ್ಮಣ್ಣು ಹಾಕಿ ಮುಚ್ಚಿ ಕೊಡಬೇಕು, ಪೈರು ಹಾಳಾಗಿದ್ರೆ ಆ ಬೆಳೆಯ ದುಡ್ಡೂ ಸೇರಿ. ಆ ಯಜಮಾನರ ಅಗ್ರಿಮೆಂಟಲ್ಲಿ ಈ ಎರಡು ಸಾಲು ಇರ್ಲಿಲ್ಲ.